ಹಳೆಯ ಕಾರಿನ ಬ್ಯಾಟರಿ ಸೋರಿಕೆ: ಕಾರಣ, ಅಳತೆ ಮತ್ತು ಪತ್ತೆಯ ಕ್ರಮ

ನಾನು ವೃತ್ತಿಯಿಂದ ವೈದ್ಯ. ಮೆಲ್ಬರ್ನ್ ನಗರದ ಆಗ್ನೇಯ ಅಂಚಿನ ಕ್ಲೈಡ್ ನಾರ್ತ್ ಎಂಬ ಹೊಸ ಬಡಾವಣೆಯಲ್ಲಿ ವಾಸ. ಒಂದು ಕಾಲಕ್ಕೆ ಸೌತ್ ಗಿಪ್ಸ್‌ಲ್ಯಾಂಡ್ ರೈಲುಮಾರ್ಗ ಪಕ್ಕದ ಕ್ಲೈಡ್ ಊರಿನ ಮೂಲಕ ಹಾದುಹೋಗುತ್ತಿತ್ತು. ಈಗ ರೈಲು ಹತ್ತಬೇಕಾದರೆ ಕ್ರ್ಯಾನ್‌ಬರ್ನ್ ಅಥವಾ ಬರ್ವಿಕ್ ನಿಲ್ದಾಣಕ್ಕೆ ಹೋಗಬೇಕು. ಇಂಥ ಕಡೆ ಬೆಳಗಿನ ಹೊತ್ತು ಕಾರು ಚಾಲೂ ಆಗದಿದ್ದರೆ ಆ ದಿನದ ಲೆಕ್ಕಾಚಾರವೆಲ್ಲ ತಲೆಕೆಳಗಾಗುತ್ತದೆ.

ನಮ್ಮ ಮನೆಯಲ್ಲಿ ಎರಡು ಕಾರುಗಳಿವೆ. ಎರಡನೆಯದು 2004ರ ಮಾದರಿಯ ಹಳೆಯ ಸೆಡಾನ್. ಮಗಳು ವಾಹನ ಚಾಲನೆ ಕಲಿಯಲೆಂದು ಅದನ್ನು ಮಾರದೆ ಇಟ್ಟುಕೊಂಡೆವು. ವಿಕ್ಟೋರಿಯಾ ರಾಜ್ಯದಲ್ಲಿ 21 ವರ್ಷದೊಳಗಿನ ಕಲಿಕೆದಾರರು ಚಾಲನಾ ಪರೀಕ್ಷೆಗೆ ಮುನ್ನ 120 ಗಂಟೆಗಳ ಅಭ್ಯಾಸವನ್ನು, ಅದರಲ್ಲಿ 20 ಗಂಟೆ ರಾತ್ರಿ ವೇಳೆಯಲ್ಲಿ, ದಾಖಲಿಸಿರಬೇಕು. ಮಗಳು ಅದನ್ನೆಲ್ಲ ಪೂರೈಸಿ, ಕಳೆದ ಜುಲೈ ತಿಂಗಳ ಒಂದು ಮಂಗಳವಾರ ಪರೀಕ್ಷೆಗೆ ಹೊರಟು ನಿಂತಳು. ಕೀಲಿ ತಿರುಗಿಸಿದಾಗ ಟಕ್ ಎಂಬ ಒಂದೇ ಸದ್ದು. ನಮ್ಮೂರಿನ ಮಾತಿನಲ್ಲಿ ಹೇಳುವುದಾದರೆ 'ಸೆಲ್ಫ್ ಹೊಡೆಯಲಿಲ್ಲ'. ನಾನು ಇನ್ನೊಂದು ಕಾರಿನಲ್ಲಿ ಚಿಕಿತ್ಸಾಲಯಕ್ಕೆ ಹೋಗಿಯಾಗಿತ್ತು. ಪರೀಕ್ಷೆ ತಪ್ಪಿತು. ಆ ವರ್ಷದಲ್ಲಿ ಅದು ಮೂರನೆಯ ಸಲ, ಮತ್ತು ಬ್ಯಾಟರಿ ಎರಡನೆಯದು. ಶನಿವಾರಗಳಂದು ಕಾರನ್ನು ಕೊನೆಗೆ ಓಡಿಸುತ್ತಿದ್ದವಳು ಮಗಳೇ ಆದುದರಿಂದ ಅವಳೇ ಏನನ್ನೋ ಆರಿಸದೆ ಬರುತ್ತಾಳೆಂದು ತೀರ್ಮಾನಿಸಿ ಆ ಸಂಜೆ ಗದರಿದೆ. ಆ ತೀರ್ಮಾನ ತಪ್ಪಾಗಿತ್ತು. ಅದು ಹೇಗೆ ತಿಳಿಯಿತೆಂಬುದನ್ನು ಲೇಖನದ ಕೊನೆಯ ಭಾಗದಲ್ಲಿ ಹೇಳುತ್ತೇನೆ.

ರಕ್ತಹೀನತೆಯ ರೋಗಿಗೆ ರಕ್ತಸ್ರಾವ ಎಲ್ಲಿದೆಯೆಂದು ಹುಡುಕದೆ ಮತ್ತೆ ಮತ್ತೆ ರಕ್ತ ಕೊಡುತ್ತಾ ಹೋಗುವ ವೈದ್ಯನನ್ನು ಯಾರೂ ಮೆಚ್ಚುವುದಿಲ್ಲ. ಸೋರಿಕೆಯನ್ನು ಅಳೆಯದೆ ಬ್ಯಾಟರಿ ಬದಲಿಸುವುದೂ ಅದೇ ಬಗೆಯ ಚಿಕಿತ್ಸೆ. ಮನೆಯಲ್ಲಿರುವ ಸಾಧಾರಣ ಉಪಕರಣಗಳಿಂದ ಈ ಸೋರಿಕೆಯನ್ನು ಕ್ರಮಬದ್ಧವಾಗಿ ಪತ್ತೆಹಚ್ಚುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ.

ಸೋರಿಕೆ ಎಂದರೇನು?

ಕಾರನ್ನು ನಿಲ್ಲಿಸಿ, ಬೀಗ ಹಾಕಿ ಹೋದ ಮೇಲೂ ಬ್ಯಾಟರಿಯಿಂದ ಸ್ವಲ್ಪ ವಿದ್ಯುತ್ತು ಹರಿಯುತ್ತಲೇ ಇರುತ್ತದೆ. ಗಡಿಯಾರ, ರೇಡಿಯೊದ ನೆನಪು, ಎಂಜಿನ್ನಿನ ನಿಯಂತ್ರಕ ಘಟಕ, ಕಳ್ಳತನ ತಡೆಯುವ ಅಲಾರಾಂ, ದೂರದಿಂದ ಬೀಗ ತೆಗೆಯುವ ಸಾಧನ ಇವೆಲ್ಲ ಅರೆನಿದ್ರೆಯಲ್ಲಿದ್ದು ಅಲ್ಪಸ್ವಲ್ಪ ವಿದ್ಯುತ್ತನ್ನು ಬಳಸುತ್ತವೆ. ಇದು ದೋಷವಲ್ಲ. ಮಲಗಿರುವ ಮನುಷ್ಯನ ಹೃದಯ, ಶ್ವಾಸಕೋಶಗಳು ಕೆಲಸ ಮಾಡುತ್ತಲೇ ಇರುವಂತೆ ಇದು ವಾಹನದ ವಿಶ್ರಾಂತ ಬಳಕೆ. ಸಾಮಾನ್ಯವಾಗಿ ಇದು 20ರಿಂದ 50 ಮಿಲಿಆಂಪಿಯರ್‌ಗಳಷ್ಟಿರುತ್ತದೆ. ಇದಕ್ಕಿಂತ ಗಣನೀಯವಾಗಿ ಹೆಚ್ಚಾದ ಬಳಕೆಯನ್ನು ಸೋರಿಕೆ ಎನ್ನುತ್ತೇವೆ.

ಒಂದು ಸರಳ ಲೆಕ್ಕ ನೋಡೋಣ. ಸಾಧಾರಣ ಗಾತ್ರದ ಕಾರಿನ ಬ್ಯಾಟರಿಯ ಸಾಮರ್ಥ್ಯ ಸುಮಾರು 55 ಆಂಪಿಯರ್-ಗಂಟೆ ಎಂದಿಟ್ಟುಕೊಳ್ಳಿ. ಬಳಕೆ 30 ಮಿಲಿಆಂಪಿಯರ್ ಇದ್ದರೆ ದಿನಕ್ಕೆ ಖರ್ಚಾಗುವುದು 0.72 ಆಂಪಿಯರ್-ಗಂಟೆ, ಒಂದೆರಡು ವಾರ ಕಾರು ನಿಂತರೂ ತೊಂದರೆಯಿಲ್ಲ. ಬಳಕೆ 440 ಮಿಲಿಆಂಪಿಯರ್‌ಗೆ ಏರಿದರೆ ದಿನಕ್ಕೆ ಸುಮಾರು 10.6 ಆಂಪಿಯರ್-ಗಂಟೆ ಖರ್ಚಾಗುತ್ತದೆ. ಮೂರು ದಿನ ತುಂಬುವುದರೊಳಗೆ ಬ್ಯಾಟರಿಯ ಅರ್ಧ ಭಾಗ ಬರಿದಾಗುತ್ತದೆ. ಬ್ಯಾಟರಿ ಹಳೆಯದಾಗಿದ್ದು, ಬೆಳಗು ಚಳಿಯದಾಗಿದ್ದರೆ ಎಂಜಿನ್ನನ್ನು ತಿರುಗಿಸಲು ಉಳಿದರ್ಧ ಸಾಲದು.

ಬ್ಯಾಟರಿಯ ಒಳಗೆ

ಸೀಸ-ಆಮ್ಲದ ಬ್ಯಾಟರಿಯನ್ನು 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ರೂಪಿಸಿದ. 1881ರಲ್ಲಿ ಕಮಿಲ್ ಫೋರ್ ಫಲಕಗಳಿಗೆ ಸೀಸದ ಸಂಯುಕ್ತಗಳ ಲೇಪ ಹಚ್ಚುವ ಕ್ರಮವನ್ನು ತಂದು ಅದನ್ನು ವ್ಯಾಪಕ ಬಳಕೆಗೆ ಯೋಗ್ಯವಾಗಿಸಿದ. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಮೇಲೆ, ಹ್ಯಾಂಡಲ್ ಹಾಕಿ ಎಂಜಿನ್ ತಿರುಗಿಸುವ ಕಷ್ಟ ಕ್ರಮೇಣ ತಪ್ಪಿತು. ಕಾರಿನಲ್ಲಿ ಬ್ಯಾಟರಿಯ ಸ್ಥಾನ ಭದ್ರವಾಯಿತು.

ಹನ್ನೆರಡು ವೋಲ್ಟಿನ ಬ್ಯಾಟರಿಯೊಳಗೆ ಆರು ಕೋಶಗಳು ಸರಣಿಯಲ್ಲಿ ಜೋಡಣೆಯಾಗಿವೆ. ಪ್ರತಿಯೊಂದು ಕೋಶ ಸುಮಾರು 2.1 ವೋಲ್ಟ್ ಕೊಡುತ್ತದೆ. ಬ್ಯಾಟರಿ ಬರಿದಾಗುತ್ತಿರುವಾಗ ಎರಡೂ ಬಗೆಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂಡುತ್ತದೆ. ಚಾರ್ಜು ಮಾಡಿದಾಗ ಅದು ಕರಗಿ ಹಿಂದಿನ ಸ್ಥಿತಿಗೆ ಮರಳುತ್ತದೆ. ಆದರೆ ಬ್ಯಾಟರಿ ಬಹುದಿನ ಬರಿದಾಗಿಯೇ ಉಳಿದರೆ ಸಲ್ಫೇಟ್ ಗಟ್ಟಿ ಹರಳುಗಳಾಗಿ ಬಿಡುತ್ತದೆ. ಆಮೇಲೆ ಎಷ್ಟು ಚಾರ್ಜು ಮಾಡಿದರೂ ಕಳೆದ ಸಾಮರ್ಥ್ಯ ಪೂರ್ತಿ ಮರಳುವುದಿಲ್ಲ. ಕಾರಿನ ಬ್ಯಾಟರಿ ಕೆಲವು ಕ್ಷಣಗಳ ಕಾಲ ನೂರಾರು ಆಂಪಿಯರ್ ಕೊಟ್ಟು, ಕೂಡಲೇ ಮತ್ತೆ ತುಂಬಿಸಿಕೊಳ್ಳಲೆಂದು ನಿರ್ಮಿತವಾದದ್ದು. ಪದೇಪದೇ ಪೂರ್ತಿ ಬರಿದಾಗುವುದನ್ನು ಅದು ತಾಳಲಾರದು. ಹೀಗಾಗಿ ಸೋರಿಕೆಯನ್ನು ಸರಿಪಡಿಸದೆ ಹಾಕಿದ ಹೊಸ ಬ್ಯಾಟರಿಯೂ ಕೆಲವೇ ತಿಂಗಳಲ್ಲಿ ಹಳೆಯದಾಗುತ್ತದೆ. ಆಗ ನಾವು ಬ್ಯಾಟರಿಯನ್ನೇ ದೂರುತ್ತೇವೆ.

ಹವಾಮಾನದ ಪಾತ್ರವೂ ಇದೆ. ಮೆಲ್ಬರ್ನ್, ಸಿಡ್ನಿಗಳ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ದಿನಗಳುಂಟು. ಬಾನೆಟ್ಟಿನ ಕೆಳಗೆ ಅದು ಇನ್ನೂ ಹೆಚ್ಚು. ಶಾಖವು ಫಲಕಗಳ ಸವೆತವನ್ನು ತ್ವರೆಗೊಳಿಸುತ್ತದೆ. ಚಳಿಯು ರಾಸಾಯನಿಕ ಕ್ರಿಯೆಯನ್ನು ನಿಧಾನಗೊಳಿಸುತ್ತದೆ. ಎಂಜಿನ್ ಆಯಿಲ್ ಗಟ್ಟಿಯಾಗಿ ಸ್ಟಾರ್ಟರಿನ ಹೊರೆಯೂ ಹೆಚ್ಚುತ್ತದೆ. ಬೇಸಿಗೆಯಲ್ಲಿ ಆದ ಹಾನಿ ಜೂನ್-ಜುಲೈ ತಿಂಗಳ ಚಳಿಯಲ್ಲಿ ಬಯಲಾಗುವುದು ಇದರಿಂದಲೇ.

ಮೂರು ಕಾಯಿಲೆ, ಒಂದೇ ಲಕ್ಷಣ

ಬೆಳಗ್ಗೆ ಕಾರು ಚಾಲೂ ಆಗಲಿಲ್ಲ ಎಂಬುದು ಲಕ್ಷಣವೇ ಹೊರತು ಕಾಯಿಲೆಯಲ್ಲ. ಅದಕ್ಕೆ ಮುಖ್ಯವಾಗಿ ಮೂರು ಕಾರಣಗಳಿರಬಹುದು: ಬ್ಯಾಟರಿಯೇ ಮುಪ್ಪಾಗಿರುವುದು, ಬ್ಯಾಟರಿಗೆ ಸಾಕಷ್ಟು ಚಾರ್ಜು ಸಿಗದಿರುವುದು, ಸೋರಿಕೆ. ಇವನ್ನು ಬೇರ್ಪಡಿಸಲು ಒಂದು ಡಿಜಿಟಲ್ ಮಲ್ಟಿಮೀಟರ್ ಸಾಕು.

ಮೊದಲನೆಯದಾಗಿ, ಬ್ಯಾಟರಿಯನ್ನು ಪೂರ್ತಿ ಚಾರ್ಜು ಮಾಡಿ, ಕೆಲವು ಗಂಟೆಗಳ ವಿಶ್ರಾಂತಿಯ ಬಳಿಕ ಅದರ ವಿಭವಾಂತರವನ್ನು ಅಳೆಯಬೇಕು. ಸುಮಾರು 12.6 ವೋಲ್ಟ್ ಇದ್ದರೆ ಪೂರ್ತಿ ತುಂಬಿದೆ, 12.4 ಇದ್ದರೆ ಮುಕ್ಕಾಲು, 12.2 ಇದ್ದರೆ ಅರ್ಧ, 12.0 ಇದ್ದರೆ ಕಾಲು ಭಾಗ ಎಂದು ಸ್ಥೂಲವಾಗಿ ತಿಳಿಯಬಹುದು.

ಎರಡನೆಯದಾಗಿ, ಇನ್ನೊಬ್ಬರು ಎಂಜಿನ್ ಚಾಲೂ ಮಾಡುವಾಗ ಮೀಟರನ್ನು ಗಮನಿಸಬೇಕು. ತುಂಬಿದ ಬ್ಯಾಟರಿ ಸ್ಟಾರ್ಟರ್ ತಿರುಗುವ ಹೊತ್ತಿನಲ್ಲಿ 9.6 ವೋಲ್ಟಿಗಿಂತ ಕೆಳಗೆ ಕುಸಿದರೆ ಅದು ಮುಪ್ಪಾಗಿರುವ ಸಂಭವ ಹೆಚ್ಚು.

ಮೂರನೆಯದಾಗಿ, ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತುದಿಗಳ ನಡುವೆ ಸುಮಾರು 13.8ರಿಂದ 14.7 ವೋಲ್ಟ್ ಕಾಣಬೇಕು. ಇದು ಆಲ್ಟರ್ನೇಟರ್ ಕೆಲಸ ಮಾಡುತ್ತಿದೆ ಎಂಬುದರ ಗುರುತು. ಹಳಬರ ಬಾಯಲ್ಲಿ ಇದಕ್ಕೆ ಇನ್ನೂ ಡೈನಮೋ ಎಂದೇ ಹೆಸರು. ಆಲ್ಟರ್ನೇಟರ್ ಸರಿಯಿದ್ದರೂ ದಿನವೂ ಐದು ನಿಮಿಷದ ಓಡಾಟ ಮಾತ್ರವಾದರೆ ಸ್ಟಾರ್ಟರ್ ಬಳಸಿದ್ದು ಪೂರ್ತಿ ತುಂಬುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಈ ಮೂರೂ ಸರಿಯಿದ್ದಲ್ಲಿ ಒಂದು ರಾತ್ರಿಯ ಪರೀಕ್ಷೆ ಮಾಡಬಹುದು. ತುಂಬಿದ ಬ್ಯಾಟರಿಯ ಋಣ ತುದಿಯ ಕೇಬಲ್ಲನ್ನು ಬಿಚ್ಚಿಟ್ಟು ಒಂದೆರಡು ದಿನ ಬಿಡಿ. ಇನ್ನೊಂದು ವಾರ ಅದೇ ಬ್ಯಾಟರಿಯನ್ನು ತುಂಬಿಸಿ, ಕೇಬಲ್ ಜೋಡಿಸಿಯೇ ಅಷ್ಟೇ ಕಾಲ ಬಿಡಿ. ಬಿಚ್ಚಿಟ್ಟಾಗಲೂ ವಿಭವಾಂತರ ಇಳಿದರೆ ದೋಷ ಬ್ಯಾಟರಿಯೊಳಗೇ ಇದೆ. ಬಿಚ್ಚಿಟ್ಟಾಗ ಉಳಿದು, ಜೋಡಿಸಿದಾಗ ಮಾತ್ರ ಇಳಿದರೆ ಕಾರು ವಿದ್ಯುತ್ತನ್ನು ಕುಡಿಯುತ್ತಿದೆ.

ಕೈ ಹಾಕುವ ಮುನ್ನ

ವೈದ್ಯನಾಗಿ ಈ ಭಾಗವನ್ನು ಒತ್ತಿ ಹೇಳಲೇಬೇಕು. ಹನ್ನೆರಡು ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಬ್ಯಾಟರಿ ನೂರಾರು ಆಂಪಿಯರ್ ಹರಿಸಬಲ್ಲದು. ಧನ ತುದಿಗೂ ಕಾರಿನ ಮೈಗೂ ನಡುವೆ ಉಂಗುರವೋ ಬಳೆಯೋ ಲೋಹದ ಗಡಿಯಾರದ ಪಟ್ಟಿಯೋ ಸಿಕ್ಕಿಕೊಂಡರೆ ಅದು ಕ್ಷಣಮಾತ್ರದಲ್ಲಿ ಕಾದು ಬೆರಳಿನ ಸುತ್ತ ಆಳವಾಗಿ ಸುಡುತ್ತದೆ. ಒಡವೆಗಳನ್ನೆಲ್ಲ ಮೊದಲು ತೆಗೆದಿಡಿ. ಕೇಬಲ್ ಬಿಚ್ಚುವಾಗ ಯಾವಾಗಲೂ ಋಣ ತುದಿಯದನ್ನು ಮೊದಲು ಬಿಚ್ಚಿ. ಜೋಡಿಸುವಾಗ ಅದನ್ನು ಕೊನೆಗೆ ಜೋಡಿಸಿ.

ಚಾರ್ಜು ಆಗುವಾಗ ಬ್ಯಾಟರಿಯಿಂದ ಜಲಜನಕ ಅನಿಲ ಹೊರಬರುತ್ತದೆ; ಒಂದು ಕಿಡಿ ಸಾಕು, ಅದು ಸಿಡಿಯಬಹುದು. ಗಾಳಿಯಾಡುವ ಜಾಗದಲ್ಲಿ ಕೆಲಸ ಮಾಡಿ, ರಕ್ಷಣಾ ಕನ್ನಡಕ ಧರಿಸಿ. ಒಳಗಿನ ಗಂಧಕಾಮ್ಲ ಕಣ್ಣಿಗೆ ಸಿಡಿದರೆ ರೆಪ್ಪೆಗಳನ್ನು ಅಗಲಿಸಿ ಹಿಡಿದು, ಹರಿಯುವ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆಯುತ್ತಲೇ ಇರಬೇಕು; ಅನಂತರ ತುರ್ತು ಚಿಕಿತ್ಸೆಗೆ ಧಾವಿಸಬೇಕು. ತೊಳೆಯದೆ ಮೊದಲು ಆಸ್ಪತ್ರೆಗೆ ಓಡುವುದು ತಪ್ಪು. ಹಾನಿಯಾಗುವುದು ಆ ಮೊದಲ ನಿಮಿಷಗಳಲ್ಲೇ. ಆಸ್ಟ್ರೇಲಿಯಾದಲ್ಲಿ ತುರ್ತು ಸೇವೆಯ ಸಂಖ್ಯೆ 000. ವಿಷ ಮಾಹಿತಿ ಕೇಂದ್ರದ ಸಂಖ್ಯೆ 13 11 26.

ಇನ್ನೆರಡು ಎಚ್ಚರಿಕೆಗಳು. ಕೆಲವು ಹಳೆಯ ಕಾರುಗಳಲ್ಲಿ ವಿದ್ಯುತ್ ಕಡಿದರೆ ರೇಡಿಯೊ ಗುಪ್ತಸಂಖ್ಯೆ ಕೇಳುತ್ತದೆ. ಅದನ್ನು ಮೊದಲೇ ಹುಡುಕಿಟ್ಟುಕೊಳ್ಳಿ. ಏರ್‌ಬ್ಯಾಗಿಗೆ ಸಂಬಂಧಿಸಿದ ಹಳದಿ ಬಣ್ಣದ ತಂತಿ, ಕನೆಕ್ಟರುಗಳಿಗೆ ಕೈ ಹಾಕಲೇಬೇಡಿ.

ಪ್ರವಾಹವನ್ನು ಅಳೆಯುವ ಕ್ರಮ

ವಿಭವಾಂತರವನ್ನು ಸಮಾಂತರವಾಗಿ ಅಳೆಯುತ್ತೇವೆ. ವಿದ್ಯುತ್ಪ್ರವಾಹವನ್ನು ಸರಣಿಯಲ್ಲಿ ಅಳೆಯಬೇಕು. ಎಂದರೆ ಬ್ಯಾಟರಿಯ ಋಣ ತುದಿಗೂ ಅದರಿಂದ ಬಿಚ್ಚಿದ ಕೇಬಲ್ಲಿಗೂ ನಡುವೆ ಮೀಟರ್ ಸೇತುವೆಯಂತೆ ನಿಲ್ಲಬೇಕು. ಕೆಂಪು ತಂತಿಯನ್ನು ಮೀಟರಿನ 10 ಆಂಪಿಯರ್ ರಂಧ್ರಕ್ಕೆ ಸೇರಿಸಿ, ಗುಬುಟನ್ನು ನೇರ ಪ್ರವಾಹದ 10 ಆಂಪಿಯರ್ ಗುರುತಿಗೆ ತಿರುಗಿಸಿ. ಈ ಸ್ಥಿತಿಯಲ್ಲಿ ಮೀಟರಿನ ಎರಡು ತಂತಿಗಳನ್ನು ಬ್ಯಾಟರಿಯ ಎರಡು ತುದಿಗಳಿಗೆ ನೇರವಾಗಿ ತಾಗಿಸಿದರೆ ಅದು ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಮೀಟರ್ ಸೇರಿಸಿರುವಾಗ ಎಂಜಿನ್ ಚಾಲೂ ಮಾಡಿದರೂ ಮೀಟರ್ ಸುಟ್ಟುಹೋಗುತ್ತದೆ.

ಕೇಬಲ್ ಬಿಚ್ಚಿ ಮತ್ತೆ ಜೋಡಿಸಿದೊಡನೆ ಕಾರಿನ ನಿಯಂತ್ರಕ ಘಟಕಗಳೆಲ್ಲ ಎಚ್ಚರಗೊಂಡು ಹಲವು ಆಂಪಿಯರ್ ಎಳೆಯಬಹುದು. ಅವು ಮತ್ತೆ ನಿದ್ರಿಸಲು 20ರಿಂದ 40 ನಿಮಿಷ, ಕೆಲವು ಕಾರುಗಳಲ್ಲಿ ಇನ್ನೂ ಹೆಚ್ಚು ಹೊತ್ತು ಬೇಕು. ಅಷ್ಟರೊಳಗೆ ಮೀಟರ್ ತೋರಿಸುವ ಅಂಕಿಗೆ ಬೆಲೆಯಿಲ್ಲ. ಓಡಿ ಬಂದವನ ನಾಡಿ ಹಿಡಿದು ಹೃದ್ರೋಗವೆಂದು ಹೇಳಲಾಗದಷ್ಟೇ.

ಅನೇಕರು ಎಡವುವ ಇನ್ನೊಂದು ವಿಷಯವಿದೆ. ಬಾಗಿಲು ತೆರೆದರೆ ದೀಪ ಹತ್ತಿ ಘಟಕಗಳು ಎಚ್ಚರಗೊಳ್ಳುತ್ತವೆ. ಫ್ಯೂಸ್ ಪೆಟ್ಟಿಗೆ ಡ್ಯಾಷ್‌ಬೋರ್ಡಿನ ಕೆಳಗಿದ್ದರೆ ಚಾಲಕನ ಬಾಗಿಲನ್ನು ತೆರೆದೇ ಇಟ್ಟು, ಬಾಗಿಲಿನ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ಮುಚ್ಚಿದ ಸ್ಥಿತಿಗೆ ತಳ್ಳಿ ಕಾರನ್ನು ನಂಬಿಸಬೇಕು. ಕೆಲಸ ಮುಗಿದ ಮೇಲೆ ಹಿಡಿ ಎಳೆದು ಕೊಂಡಿಯನ್ನು ಬಿಡಿಸಿಯೇ ಬಾಗಿಲು ಮುಚ್ಚಬೇಕು. ಬೀಗದ ಕೈಯನ್ನು ಕಾರಿನಿಂದ ದೂರ ಇಡಬೇಕು.

ನೇರ ಪ್ರವಾಹ ಅಳೆಯಬಲ್ಲ ಕ್ಲಾಂಪ್ ಮೀಟರ್ ಇದ್ದರೆ ಕೇಬಲ್ ಬಿಚ್ಚುವ ಅಗತ್ಯವೇ ಇಲ್ಲ. ಅದರ ದವಡೆಯನ್ನು ಕೇಬಲ್ಲಿನ ಸುತ್ತ ಹಾಕಿದರೆ ಸಾಕು. ತೀರ ಸಣ್ಣ ಪ್ರವಾಹಗಳನ್ನು ಅದು ನಿಖರವಾಗಿ ತೋರಿಸದು, ಆದರೆ 0.1 ಆಂಪಿಯರಿಗಿಂತ ಹೆಚ್ಚಿನ ಸೋರಿಕೆಯನ್ನು ಗುರುತಿಸುತ್ತದೆ. ಪ್ರತಿ ಸಲವೂ ಸೊನ್ನೆಗೆ ಹೊಂದಿಸಿಕೊಂಡು ಅಳೆಯಬೇಕು.

ನಾನು ಹಾಸನದಲ್ಲಿ ಬಾಲಕನಾಗಿದ್ದಾಗ ಮೆಕ್ಯಾನಿಕ್‌ಗಳು ಇದೇ ಕೆಲಸವನ್ನು ಎರಡು ತಂತಿ ಕಟ್ಟಿದ ಒಂದು ಬಲ್ಬಿನಿಂದ ಮಾಡುತ್ತಿದ್ದರು. ಬಿಚ್ಚಿದ ಕೇಬಲ್ಲಿಗೂ ಬ್ಯಾಟರಿಗೂ ನಡುವೆ ಬಲ್ಬು ಹಿಡಿದು, ಅದು ಉರಿದರೆ 'ಎಲ್ಲೋ ಲೀಕ್ ಇದೆ' ಎನ್ನುತ್ತಿದ್ದರು. ಅಂದಿನ ಕಾರುಗಳಲ್ಲಿ ನಿಂತಾಗ ವಿದ್ಯುತ್ತು ಬಳಸುವಂಥದ್ದು ಹೆಚ್ಚೆಂದರೆ ಒಂದು ಗಡಿಯಾರ. ಬಲ್ಬಿನ ಸಾಕ್ಷ್ಯ ಸಾಕಾಗುತ್ತಿತ್ತು. ಎಲೆಕ್ಟ್ರಾನಿಕ್ ಘಟಕಗಳಿರುವ ಕಾರುಗಳಲ್ಲಿ ಅಂಕಿಯೇ ಬೇಕು.

ಫ್ಯೂಸುಗಳ ಮೂಲಕ ಶೋಧ

ಸೋರಿಕೆ ಇದೆಯೆಂದು ಖಚಿತವಾದ ಮೇಲೆ ಅದು ಯಾವ ಶಾಖೆಯಲ್ಲಿದೆ ಎಂದು ನೋಡಬೇಕು. ಇದಕ್ಕೆ ಎರಡು ವಿಧಾನಗಳಿವೆ.

ಹಳೆಯ ವಿಧಾನವೆಂದರೆ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ಮೀಟರಿನ ಅಂಕಿ ಇಳಿಯುತ್ತದೆಯೇ ಎಂದು ನೋಡುವುದು. ಸಾಮಾನ್ಯವಾಗಿ ಬಾನೆಟ್ಟಿನ ಕೆಳಗೊಂದು, ಡ್ಯಾಷ್‌ಬೋರ್ಡಿನ ಬಳಿಯೊಂದು ಫ್ಯೂಸ್ ಪೆಟ್ಟಿಗೆ ಇರುತ್ತದೆ. ಮುಚ್ಚಳದ ಒಳಬದಿಯ ನಕ್ಷೆಯನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡರೆ ಯಾವುದನ್ನು ಎಲ್ಲಿಂದ ಕಿತ್ತದ್ದೆಂಬ ಗೊಂದಲವಿರದು. ಈ ವಿಧಾನದ ಕೊರತೆಯೆಂದರೆ ಫ್ಯೂಸನ್ನು ಮರಳಿ ಸಿಕ್ಕಿಸಿದಾಗ ಆ ಶಾಖೆಯ ಘಟಕ ಎಚ್ಚರಗೊಳ್ಳುತ್ತದೆ. ಅಂಟಿಕೊಂಡಿದ್ದ ರಿಲೇ ಬಿಡಿಸಿಕೊಂಡು, ಕಳ್ಳ ಕೈಗೆ ಸಿಗದೆ ಮಾಯವಾಗುವುದೂ ಉಂಟು.

ಎರಡನೆಯ ವಿಧಾನದಲ್ಲಿ ಏನನ್ನೂ ಕೀಳುವುದಿಲ್ಲ. ಪ್ರತಿ ಫ್ಯೂಸಿಗೂ ಅತ್ಯಲ್ಪವಾದರೂ ರೋಧವಿದೆ. ಓಮ್‌ನ ನಿಯಮದಂತೆ ಅದರ ಮೂಲಕ ಪ್ರವಾಹ ಹರಿದರೆ ಎರಡು ತುದಿಗಳ ನಡುವೆ ಸಣ್ಣ ವಿಭವಾಂತರ ಉಂಟಾಗುತ್ತದೆ. ಬ್ಲೇಡ್ ಫ್ಯೂಸಿನ ಬೆನ್ನಿನ ಮೇಲೆ ಇದನ್ನು ಅಳೆಯಲೆಂದೇ ಎರಡು ಸಣ್ಣ ಲೋಹದ ಚುಕ್ಕೆಗಳಿವೆ. ಮೀಟರನ್ನು ಮಿಲಿವೋಲ್ಟ್ ಸ್ಥಾನಕ್ಕೆ ಇಟ್ಟು ಅವೆರಡನ್ನು ಮುಟ್ಟಬೇಕು. 15 ಆಂಪಿಯರಿನ ಫ್ಯೂಸಿನ ರೋಧ ಸುಮಾರು 5 ಮಿಲಿಓಮ್ ಇರುತ್ತದೆ, ಅದರಲ್ಲಿ 0.4 ಆಂಪಿಯರ್ ಹರಿಯುತ್ತಿದ್ದರೆ ಮೀಟರ್ ಸುಮಾರು 2 ಮಿಲಿವೋಲ್ಟ್ ತೋರಿಸುತ್ತದೆ. ಸೊನ್ನೆ ತೋರಿಸುವ ಫ್ಯೂಸುಗಳನ್ನು ಬಿಟ್ಟು ಮುಂದೆ ಹೋಗಬಹುದು. ನಿದ್ರಿಸುವ ಕಾರನ್ನು ಎಬ್ಬಿಸದೆ ನಾಡಿ ನೋಡುವ ಕ್ರಮವಿದು. ಅದಕ್ಕೆ 0.1 ಮಿಲಿವೋಲ್ಟ್ ಗುರುತಿಸಬಲ್ಲ ಮೀಟರ್ ಬೇಕು.

ಯಾವ ಫ್ಯೂಸಿನಲ್ಲೂ ಸೋರಿಕೆ ಕಾಣದಿದ್ದರೆ ಸಂಶಯ ಆಲ್ಟರ್ನೇಟರಿನ ಮೇಲೆ ಬೀಳಬೇಕು. ಅದು ದಪ್ಪ ಕೇಬಲ್ಲಿನ ಮೂಲಕ ಬ್ಯಾಟರಿಗೆ ಸೇರಿರುವುದರಿಂದ ಸಣ್ಣ ಫ್ಯೂಸುಗಳ ಪಟ್ಟಿಯಲ್ಲಿ ಬರುವುದಿಲ್ಲ. ಅದರೊಳಗಿನ ಡಯೋಡುಗಳು ಪ್ರವಾಹವನ್ನು ಒಂದೇ ದಿಕ್ಕಿಗೆ ಬಿಡುವ ಕವಾಟಗಳು. ಹೃದಯದ ಕವಾಟ ಸೋರಿದಂತೆ ಡಯೋಡ್ ಕೆಟ್ಟರೆ ಬ್ಯಾಟರಿಯ ವಿದ್ಯುತ್ತು ಹಿಂದಕ್ಕೆ ಹರಿಯುತ್ತದೆ. ಎಂಜಿನ್ ಓಡುವಾಗ ಬ್ಯಾಟರಿಯ ತುದಿಗಳ ನಡುವೆ ಪರ್ಯಾಯ ವಿಭವಾಂತರವನ್ನು ಅಳೆದು, ಅದು ಅರ್ಧ ವೋಲ್ಟಿಗಿಂತ ಹೆಚ್ಚಿದ್ದರೆ ಡಯೋಡಿನ ದೋಷವನ್ನು ಶಂಕಿಸಬೇಕು.

ಸಾಮಾನ್ಯ ಕಾರಣಗಳು

ಹಳೆಯ ಕಾರುಗಳಲ್ಲಿ ಪದೇಪದೇ ಕಂಡುಬರುವ ಕಾರಣಗಳು ಇವು:

ದೀಪಗಳು: ಡಿಕ್ಕಿ, ಡ್ಯಾಷ್‌ಬೋರ್ಡಿನ ಖಾನೆ ಮತ್ತು ಸೂರ್ಯಮರೆಯ ಕನ್ನಡಿಯ ದೀಪಗಳು ಮುಚ್ಚಿದ ಮೇಲೆ ಆರಿವೆಯೋ ಇಲ್ಲವೋ ಹೊರಗಿನಿಂದ ಕಾಣುವುದಿಲ್ಲ.

ಆಮೇಲೆ ಸೇರಿಸಿದ ಸಾಧನಗಳು: ಹೊಸ ರೇಡಿಯೊ, ಆಂಪ್ಲಿಫೈಯರ್, ಡ್ಯಾಷ್ ಕ್ಯಾಮೆರಾ, ಹಿಂಬದಿ ಕ್ಯಾಮೆರಾ, ಹಿಂದಿನ ಮಾಲೀಕರು ಹಾಕಿಸಿದ್ದ ಅಲಾರಾಂ ಅಥವಾ ಜಿಪಿಎಸ್ ಸಾಧನ. ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ ಬರಬೇಕಾದ ತಂತಿಯನ್ನು ಸದಾ ವಿದ್ಯುತ್ ಇರುವ ತಂತಿಗೆ ಸೇರಿಸಿಬಿಟ್ಟಿರುವುದು ಇಲ್ಲಿನ ಮಾಮೂಲಿ ತಪ್ಪು.

ಅಂಟಿಕೊಂಡ ರಿಲೇ: ಕಾರು ನಿಂತು ಗಂಟೆಯಾದ ಮೇಲೂ ಬೆಚ್ಚಗಿರುವ ರಿಲೇಯನ್ನು ಬೆರಳಿನಿಂದಲೇ ಗುರುತಿಸಬಹುದು.

ನಿದ್ರಿಸದ ಘಟಕ: ಬಾಗಿಲಿನ ಸ್ವಿಚ್ಚು ಕೆಟ್ಟು ಬಾಗಿಲು ತೆರೆದೇ ಇದೆಯೆಂಬ ಸಂದೇಶ ಹೋಗುತ್ತಿದ್ದರೆ, ಅಥವಾ ಕಾರ್ಪೆಟ್ಟಿನ ಕೆಳಗೆ ಮಳೆನೀರು ಸೇರಿ ಕನೆಕ್ಟರು ಕಿಲುಬು ಹಿಡಿದಿದ್ದರೆ ಘಟಕ ರಾತ್ರಿಯಿಡೀ ಎಚ್ಚರವಾಗಿರುತ್ತದೆ.

ಪ್ರವಾಹದ ಪ್ರಮಾಣವೂ ಒಂದು ಸುಳಿವು. ಪ್ರವಾಹವನ್ನು ವಿಭವಾಂತರದಿಂದ ಗುಣಿಸಿದರೆ ಸಾಮರ್ಥ್ಯ ಎಷ್ಟು ವ್ಯಾಟ್ ಎಂದು ತಿಳಿಯುತ್ತದೆ. 0.4 ಆಂಪಿಯರ್ ಎಂದರೆ ಸುಮಾರು 5 ವ್ಯಾಟ್, ಅದು ಒಂದು ಸಣ್ಣ ಬಲ್ಬಿನ ಅಳತೆ. 0.15ರಿಂದ 0.2 ಆಂಪಿಯರ್ ಇದ್ದರೆ ಒಂದು ರಿಲೇಯ ಸುರುಳಿ ಇರಬಹುದು.

ನಮ್ಮ ಕಾರಿನ ಪ್ರಕರಣ

ಪರೀಕ್ಷೆ ತಪ್ಪಿದ ವಾರದ ಭಾನುವಾರ ಈ ಕ್ರಮದಲ್ಲೇ ಅಳೆದೆ. ಆಲ್ಟರ್ನೇಟರ್ ಸರಿಯಿತ್ತು. ಕಾರು ನಿದ್ರಿಸಿದ ಮೇಲೆ ಮೀಟರ್ 30 ಮಿಲಿಆಂಪಿಯರ್ ತೋರಿಸಿತು. ಸೋರಿಕೆಯೇ ಇಲ್ಲ! ಹಾಗಾದರೆ ಮಗಳದೇ ತಪ್ಪು ಎಂಬ ನನ್ನ ಊಹೆ ಇನ್ನಷ್ಟು ಗಟ್ಟಿಯಾಯಿತು.

ಆದರೆ ಆ ರಾತ್ರಿ ನನ್ನ ವೃತ್ತಿಯ ಒಂದು ಪಾಠ ನನ್ನನ್ನೇ ಚುಚ್ಚಿತು. ಆಗಾಗ ಎದೆ ಡವಡವಿಸುತ್ತದೆ ಎಂದು ಬರುವ ರೋಗಿಯ ಇಸಿಜಿ ಚಿಕಿತ್ಸಾಲಯದಲ್ಲಿ ಸರಿಯಾಗಿಯೇ ಬರಬಹುದು. ಅದನ್ನು ನಂಬಿ ಮನೆಗೆ ಕಳುಹಿಸುವುದಿಲ್ಲ. ಅವನು ದಿನನಿತ್ಯದ ಬದುಕಿನಲ್ಲಿರುವಾಗಲೇ 24 ಗಂಟೆಗಳ ದಾಖಲೆ ತೆಗೆಯುತ್ತೇವೆ. ನಾನು ಅಳೆದದ್ದು ನಾನೇ ಸಜ್ಜುಗೊಳಿಸಿ, ನಾನೇ ಬಾಗಿಲುಗಳನ್ನು ಮುಚ್ಚಿದ ಕಾರನ್ನು. ಮನೆಯವರು ಬಿಟ್ಟುಹೋದ ಸ್ಥಿತಿಯಲ್ಲಿರುವ ಕಾರನ್ನು ನಾನು ಅಳೆದಿರಲಿಲ್ಲ.

ಮುಂದಿನ ಶನಿವಾರ ಎಂದಿನಂತೆ ಮಗಳು, ಪತ್ನಿ ಮತ್ತು ಹಾಸನದಿಂದ ಬಂದು ನಮ್ಮೊಡನಿರುವ ನನ್ನ ತಾಯಿ ಸಾಮಾನು ತರಲು ಹೋಗಿ ಬಂದರು. ಬೀಗ ಹಾಕುವ ಮೊದಲು ಬಾನೆಟ್ ಒಂದನ್ನು ತೆರೆದಿಡಲು ಮಗಳಿಗೆ ಹೇಳಿದ್ದೆ. ಬೇರೇನನ್ನೂ ಮುಟ್ಟದೆ ಒಂದು ಗಂಟೆ ಕಾದು, ಕ್ಲಾಂಪ್ ಮೀಟರನ್ನು ಋಣ ಕೇಬಲ್ಲಿಗೆ ಹಾಕಿದೆ: 0.44 ಆಂಪಿಯರ್. ಬಾನೆಟ್ಟಿನ ಕೆಳಗಿದ್ದ ಪೆಟ್ಟಿಗೆಯಲ್ಲಿ ಒಳದೀಪಗಳ 15 ಆಂಪಿಯರ್ ಫ್ಯೂಸಿನ ಮೇಲೆ 2 ಮಿಲಿವೋಲ್ಟ್ ಕಂಡಿತು. ವಿಶ್ರಾಂತ ಬಳಕೆಯ 0.03 ಕಳೆದರೆ ಉಳಿದದ್ದು 0.41 ಆಂಪಿಯರ್, ಅಂದರೆ 5 ವ್ಯಾಟಿನ ಒಂದು ಬಲ್ಬು. ಕಾರಿನೊಳಗೆ ಎಲ್ಲೂ ಬೆಳಕಿರಲಿಲ್ಲ. ಕಾಣದ ಬಲ್ಬು ಡಿಕ್ಕಿಯಲ್ಲೇ ಇರಬೇಕು.

ಕೇಳಬೇಕಾದ ಪ್ರಶ್ನೆಯನ್ನು ಆಗ ಕೇಳಿದೆ. "ಅಮ್ಮ, ಸಾಮಾನು ತೆಗೆದ ಮೇಲೆ ಡಿಕ್ಕಿ ಮುಚ್ಚೋರು ಯಾರು?"

"ನಾನೇ ಕಣಪ್ಪ. ಮೆಲ್ಲಗೆ ಒತ್ತಿ ಮುಚ್ತೀನಿ. ಧಡ್ ಅಂತ ಬಡಿದ್ರೆ ಹಳೇ ಗಾಡಿ ಎಷ್ಟು ದಿನ ತಡೀತದೆ?"

ಮೊಬೈಲಿನ ಕ್ಯಾಮೆರಾವನ್ನು ಚಾಲೂ ಮಾಡಿ ಡಿಕ್ಕಿಯೊಳಗಿಟ್ಟು, ಅಮ್ಮನಿಂದಲೇ ಮುಚ್ಚಿಸಿದೆ. ದೀಪ ಉರಿಯುತ್ತಲೇ ಇದ್ದದ್ದು ದಾಖಲಾಯಿತು. ನಾನು ಬಿರುಸಾಗಿ ಮುಚ್ಚಿದಾಗ ಆರಿತು. ಮುಚ್ಚಳದ ಅಂಚಿನ ಗುಂಡಿಯಂಥ ಸ್ವಿಚ್ಚು ಧೂಳು, ಜಿಡ್ಡಿನಿಂದ ಬಿಗಿದು, ಜೋರಾಗಿ ಒತ್ತಿದರೆ ಮಾತ್ರ ಒಳಗೆ ಹೋಗುತ್ತಿತ್ತು. ಶನಿವಾರ ಮಧ್ಯಾಹ್ನದಿಂದ ಮಂಗಳವಾರ ಬೆಳಗಿನವರೆಗೆ ಸುಮಾರು 64 ಗಂಟೆ, 28 ಆಂಪಿಯರ್-ಗಂಟೆ, ಬ್ಯಾಟರಿಯ ಅರ್ಧ. ಎಲ್ಲ ಶನಿವಾರಗಳಲ್ಲೂ ಹೀಗಾಗದಿದ್ದುದಕ್ಕೆ ಕಾರಣ, ಕೆಲವು ಸಲ ಡಿಕ್ಕಿ ಮುಚ್ಚುತ್ತಿದ್ದವರು ಬೇರೆಯವರು.

ಮಗಳು ಓಡಿಸಿದ ದಿನವೇ ಬ್ಯಾಟರಿ ಸೋರುತ್ತಿದ್ದುದು ನಿಜ. ಆದರೆ ಅದೇ ದಿನ ಡಿಕ್ಕಿಯೂ ಬಳಕೆಯಾಗುತ್ತಿತ್ತು. ಎರಡು ಸಂಗತಿಗಳು ಜೊತೆಗೆ ಬಂದವೆಂದು ಒಂದನ್ನು ಇನ್ನೊಂದರ ಕಾರಣವೆಂದು ಬಗೆಯಬಾರದೆಂದು ಕಿರಿಯ ವೈದ್ಯರಿಗೆ ಪಾಠ ಹೇಳುವ ನಾನೇ ಆ ತಪ್ಪು ಮಾಡಿದ್ದೆ. ಮಗಳ ಬಳಿ ಹೋಗಿ ಅಂಕಿ-ಅಂಶಗಳ ಸಮೇತ ತಪ್ಪೊಪ್ಪಿಕೊಂಡೆ. ಸ್ವಿಚ್ಚನ್ನು ಬದಲಿಸಿ, ಬಲ್ಬಿನ ಜಾಗದಲ್ಲಿ ಕಡಿಮೆ ವಿದ್ಯುತ್ತಿನ ಎಲ್‌ಇಡಿ ಹಾಕಿದೆ. ಅಮ್ಮ ಈಗಲೂ ಮೆಲ್ಲಗೇ ಮುಚ್ಚುತ್ತಾರೆ. ಮಗಳು ಮುಂದಿನ ತಿಂಗಳು ಅದೇ ಕಾರಿನಲ್ಲಿ ಪರೀಕ್ಷೆ ಪಾಸು ಮಾಡಿದಳು.

ಊರಿಗೆ ಹೋಗುವವರಿಗೆ

ಸೋರಿಕೆ ಇಲ್ಲದ ಕಾರೂ ಬಹುಕಾಲ ನಿಂತರೆ ಬ್ಯಾಟರಿ ಇಳಿಯುತ್ತದೆ. ಡಿಸೆಂಬರ್-ಜನವರಿಯ ರಜೆಯಲ್ಲಿ ನಮ್ಮಲ್ಲಿ ಅನೇಕ ಕುಟುಂಬಗಳು ಆರು ವಾರಗಳ ಕಾಲ ಊರಿಗೆ ಹೋಗುತ್ತವೆ. ಬರಿಯ 30 ಮಿಲಿಆಂಪಿಯರ್ ಕೂಡ 42 ದಿನಗಳಲ್ಲಿ 30 ಆಂಪಿಯರ್-ಗಂಟೆ ಆಗುತ್ತದೆ. ಬೇಸಿಗೆಯ ಶಾಖದಲ್ಲಿ ಬ್ಯಾಟರಿ ತಾನಾಗಿ ಕಳೆದುಕೊಳ್ಳುವುದೂ ಹೆಚ್ಚು. ಹೊರಡುವ ಮುನ್ನ ಬ್ಯಾಟರಿಯನ್ನು ಪೂರ್ತಿ ತುಂಬಿಸಿ ಋಣ ಕೇಬಲ್ಲನ್ನು ಬಿಚ್ಚಿಡುವುದು, ಇಲ್ಲವೇ ಗ್ಯಾರೇಜಿನಲ್ಲಿ ಬ್ಯಾಟರಿ ಕಾಯ್ದುಕೊಳ್ಳುವ ಸ್ವಯಂಚಾಲಿತ ಚಾರ್ಜರಿಗೆ ಸೇರಿಸಿಡುವುದು ಒಳ್ಳೆಯದು. ಕೇಬಲ್ ಬಿಚ್ಚಿದರೆ ಅಲಾರಾಂ ಕೆಲಸ ಮಾಡದೆಂಬುದು ನೆನಪಿರಲಿ. ಕೆಟ್ಟ ಬ್ಯಾಟರಿಯನ್ನು ಮನೆಯ ಕಸದ ಡಬ್ಬಿಗೆ ಹಾಕಬಾರದು, ಸೀಸ ವಿಷಕಾರಿ. ಕೌನ್ಸಿಲ್ಲಿನ ತ್ಯಾಜ್ಯ ಕೇಂದ್ರಗಳು ಮತ್ತು ಬ್ಯಾಟರಿ ಮಾರುವ ಅಂಗಡಿಗಳು ಅದನ್ನು ಮರುಬಳಕೆಗಾಗಿ ತೆಗೆದುಕೊಳ್ಳುತ್ತವೆ.

ಶಾಖೆಯೇನೋ ತಿಳಿದು ಆ ಶಾಖೆಯಲ್ಲಿ ನಿಯಂತ್ರಕ ಘಟಕವೇ ದೋಷಿಯೆಂದು ಕಂಡರೆ, ಆಲ್ಟರ್ನೇಟರ್ ಬಿಚ್ಚಬೇಕಾಗಿ ಬಂದರೆ, ಅಥವಾ ತಂತಿಯ ಕವಚ ಸುಟ್ಟ ವಾಸನೆ ಬಂದರೆ ಅಲ್ಲಿಗೆ ನಿಲ್ಲಿಸಿ ಆಟೋ ಎಲೆಕ್ಟ್ರಿಷಿಯನ್ ಬಳಿಗೆ ಹೋಗಬೇಕು. ಆಗಲೂ ನಿಮ್ಮ ಅಳತೆಗಳು ವ್ಯರ್ಥವಲ್ಲ. ಎಷ್ಟು ಆಂಪಿಯರ್, ಎಷ್ಟು ಹೊತ್ತಿನ ಬಳಿಕ ಅಳೆದದ್ದು, ಯಾವ ಫ್ಯೂಸು, ಕಾರು ಕೈಕೊಟ್ಟ ದಿನಗಳಾವುವು, ಅದರ ಹಿಂದಿನ ದಿನ ಯಾರು ಏನೇನು ಬಳಸಿದ್ದರು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅವರು ಮೊದಲ ಒಂದು ಗಂಟೆಯಲ್ಲಿ ಮಾಡಬೇಕಾದ ಕೆಲಸವನ್ನು ಆ ಚೀಟಿ ಉಳಿಸುತ್ತದೆ. ನಿಮಗೆ ಬೇಡದ ಬ್ಯಾಟರಿಯೊಂದರ ಖರ್ಚನ್ನೂ ಉಳಿಸೀತು.